ಆರಾಮಾ ಎಂದು ಕೇಳಿ ಕಾಯುವ ಕೊಟ್ರಮ್ಮ

ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಚಹದಂಗಡಿಯ ಒಲೆ ಇನ್ನೂ ಹತ್ತಿಲ್ಲ. ಕೊಟ್ರಮ್ಮ ಆಸ್ಪತ್ರೆಯ ಷಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಕೌಂಟರಿನ ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಅದು ನಿಧಾನಕ್ಕೆ ಕಣ್ಣು ಬಿಡುವ ಹೊತ್ತಿಗೆ ನೆಲ ಗುಡಿಸಿ, ರೋಗಿಗಳ ಬೆಂಚುಗಳನ್ನು ಒರೆಸಿ ಮುಗಿಸಿರುತ್ತಾರೆ. ಆಮೇಲೆ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನಗೂ ಕೇಳಿಸಲಿ ಎಂದು ಇವತ್ತು ಅದನ್ನು ಕಿತ್ತು ಸ್ಪೀಕರ್ ಹಚ್ಚಿದ್ದಾರೆ.

ಮೊದಲ ದನಿ ಗಂಡಸಿನದು. "ಕೊಟ್ರಮ್ಮಾ, ನಾಳೆ ಆಗಂಗಿಲ್ಲವಾ. ಹತ್ತಿ ಬಿಡಸಾಕ ಆಳು ಸಿಕ್ಕಾರ. ಮಂಗಳಾರ ಬರ್ತೀನಿ, ಡಾಕ್ಟರಿಗೆ ಹೇಳು." ಕೊಟ್ರಮ್ಮ ಪರದೆಯ ಮೇಲೆ ಆತನ ಹೆಸರನ್ನು ಮಂಗಳವಾರಕ್ಕೆ ಸರಿಸುತ್ತಾರೆ. ಎರಡನೆಯದರಲ್ಲಿ ಬರೀ ಆಡುಗಳ ಸದ್ದು. ಮೂರನೆಯದು ಆಲೂರಿನ ಉಚ್ಚೀರಪ್ಪನವರದು. ಸಿಹಿ ಪೂರ್ತಿ ಬಿಟ್ಟಿದ್ದೇನೆ, ದೇವರಾಣೆ, ಎಂದು ಅವರು ಹೇಳುತ್ತಿದ್ದಾರೆ. ಬಾಯಲ್ಲಿ ಏನೋ ಇರುವುದು ನನ್ನಂಥವನಿಗೂ ಗೊತ್ತಾಗುತ್ತದೆ. "ಪ್ರತಿ ತಿಂಗಳು ಹಿಂಗ ರೀ," ಎಂದು ಕೊಟ್ರಮ್ಮ ನಗುತ್ತಾರೆ. "ತಿನಕೊಂತನ ಆಣಿ ಮಾಡ್ತಾರ."

ವಿಷಯ ಇಷ್ಟೇ. ಡಾಕ್ಟರ್ ಉದಯಕುಮಾರ್ ಅವರದು ಸಕ್ಕರೆ ಕಾಯಿಲೆಯ ಆಸ್ಪತ್ರೆ. ಆದೋನಿಯಲ್ಲಿ ಒಂದು, ಆಲೂರಿನಲ್ಲಿ ಇನ್ನೊಂದು. ಹಾಲಹರವಿಯಲ್ಲಿ ವಾರಕ್ಕೊಮ್ಮೆ ಬಾಡಿಗೆ ಕೋಣೆಯಲ್ಲಿ ಕೂರುತ್ತಾರೆ. ಮೂರೂ ಕಡೆಯ ಕೆಲಸವನ್ನು ಒಂದೇ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಯಾರು ಬಂದರು, ರಕ್ತದ ವರದಿ ಏನು ಬಂತು, ಯಾವ ಗುಳಿಗೆ ಎಷ್ಟು ಉಳಿದಿದೆ, ಯಾರು ಮತ್ತೆ ಯಾವಾಗ ಬರಬೇಕು, ಎಲ್ಲವೂ ಅದರೊಳಗೆ. ದಿನಾ ಸಂಜೆ, ಜನ ಹೊಲದಿಂದ ಮನೆಗೆ ಮರಳುವ ಹೊತ್ತಿಗೆ, ಮರುದಿನ ಬರಬೇಕಾದವರಿಗೆಲ್ಲ ಅದು ತಾನೇ ಫೋನ್ ಮಾಡುತ್ತದೆ. ಮಾತಾಡುವುದು ಮಾತ್ರ ಕೊಟ್ರಮ್ಮನವರ ದನಿಯಲ್ಲಿ. ಆ ದನಿಗೆ ಜನ ಏನು ಉತ್ತರ ಕೊಟ್ಟರೋ ಅದು ಯಂತ್ರದಲ್ಲಿ ಉಳಿಯುತ್ತದೆ. ಬೆಳಗಿನ ಜಾವ ಬಂದು ಅಷ್ಟನ್ನೂ ಕೇಳುವುದು ಈಕೆಯ ಕೆಲಸ.

ಸಂಜೆಗೆ ಸುಮಾರು ಇನ್ನೂರು ಕರೆ ಹೋಗುತ್ತವೆ. ಅರವತ್ತು ಎಪ್ಪತ್ತು ಮಂದಿಯಾದರೂ ಏನಾದರೊಂದು ಮಾತಾಡಿರುತ್ತಾರೆ. ದಿನ ಬದಲಿಸುವವರು, ಗುಳಿಗೆ ಕಹಿ ಎಂದು ದೂರುವವರು, ಮಗಳ ಮದುವೆಗೆ ಕರೆಯುವವರು. ಒಬ್ಬಾಕೆ ತೆಲುಗಿನಲ್ಲಿ ಶುರು ಮಾಡಿ, ನಡುವೆ ಕನ್ನಡಕ್ಕೆ ಹೊರಳಿ, ಗಂಡನನ್ನು ಬೈಯುವಾಗ ಮತ್ತೆ ತೆಲುಗಿಗೆ ಮರಳುತ್ತಾಳೆ. ಸಾಫ್ಟ್‌ವೇರ್ ಕಂಪನಿಯವರು ಈ ಮಾತುಗಳನ್ನೆಲ್ಲ ತಾನೇ ಅಕ್ಷರಕ್ಕಿಳಿಸುವ ಹೊಸ ಸೌಲಭ್ಯ ಇದೆ ಎಂದು ಹೋದ ವರ್ಷ ಬಂದಿದ್ದರಂತೆ. ಆದೋನಿಯ ಒಂದು ಸಂಜೆಯ ಮಾತನ್ನು ಕೇಳಿಸಿಕೊಂಡ ಮೇಲೆ ಅದು ಸುಮಾರು ಖಾಲಿ ಹಾಳೆಯನ್ನೇ ಕೊಟ್ಟಿತಂತೆ. ಬರೆದು ಬದುಕುವ ನನಗೆ ಅದನ್ನು ಕೇಳಿ ಏನೂ ಬೇಸರವಾಗಲಿಲ್ಲ.

ಆಲೂರು, ಹಾಲಹರವಿಯ ಕಡೆ ಕೊಟ್ರಮ್ಮನವರ ದನಿ ಗೊತ್ತಿಲ್ಲದ ಸಕ್ಕರೆ ರೋಗಿ ಸಿಗುವುದು ಕಷ್ಟ. ಮುಖ ಗೊತ್ತಿರುವವರು ಬೆರಳೆಣಿಕೆಯಷ್ಟು. ಯಾವುದೋ ಊರಿನ ಎ.ಸಿ. ಕೋಣೆಯಲ್ಲಿ ಕೂತ ಆಫೀಸರಮ್ಮ ಎಂದು ಹಲವರ ಎಣಿಕೆ. ನಲವತ್ತೇಳರ ಈ ಹೆಂಗಸು ಅದೇ ದನಿಯಲ್ಲಿ ಆದೋನಿಯ ತರಕಾರಿಯವನ ಜತೆ ಬದನೆಕಾಯಿಗೆ ಚೌಕಾಸಿ ಮಾಡುತ್ತಾರೆ ಎಂದರೆ ಅವರು ನಂಬಲಾರರು.

ದನಿ ಗಟ್ಟಿಯಾದದ್ದಕ್ಕೆ ಕಾರಣ ಮನೆಯಲ್ಲೇ ಇದೆ. ತವರಿನವರು ಸಣ್ಣ ಹತ್ತಿ ವ್ಯಾಪಾರಿಗಳು. ಮದುವೆಯಾದದ್ದು ಹತ್ತಿ ಮಿಲ್ಲಿನ ಫಿಟರನ್ನು. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರಗಳ ನಡುವೆ ವರ್ಷಗಟ್ಟಲೆ ನಿಂತು ಅವರ ಕಿವಿ ಹೋಯಿತು. ಕಿವಿಯ ಹಿಂದೆ ಕೆಲಸವೂ ಹೋಯಿತು. "ಮನ್ಯಾಗ ಉಪ್ಪು ಬೇಕಂದ್ರೂ ಕೂಗಬೇಕ್ರಿ. ಓಣಿಗೆಲ್ಲಾ ಗೊತ್ತಾಗತೈತಿ ಇವತ್ತ ನಮ್ಮನ್ಯಾಗ ಉಪ್ಪಿಲ್ಲಂತ." ಗಂಡನ ಹೆಸರೇನು ಎಂದರೆ ಮುಗುಳ್ನಕ್ಕು ಗೋಡೆ ನೋಡಿದರು. ಪಂಚಾಕ್ಷರಯ್ಯ ಎಂದು ಆಮೇಲೆ ಬೇರೆಯವರಿಂದ ತಿಳಿದುಕೊಂಡೆ. ಊರಿಗೆಲ್ಲ ತಲುಪುವ ಈ ದನಿ ತಲುಪದಿರುವುದು ಅವರೊಬ್ಬರಿಗೇ.

ಆಸ್ಪತ್ರೆಗೆ ಕೊಟ್ರಮ್ಮ ಸೇರಿದ್ದು ಕಸ ಗುಡಿಸಲು, ತೂಕ ನೋಡಲು, ಬಾಗಿಲಲ್ಲಿ ನಿಂತು ಹೆಸರು ಕೂಗಲು. ಸಾಫ್ಟ್‌ವೇರ್ ಬಂದ ಮೇಲೆ ಕೂಗುವ ಕೆಲಸ ಟಿ.ವಿ. ಪರದೆಗೆ ಹೋಯಿತು. ಅದರೊಳಗಿನ ಹುಡುಗಿ ನಯವಾಗಿ ನಂಬರು ಹೇಳುತ್ತಿದ್ದಳು, ಜನ ಅವಳನ್ನು ನೋಡುತ್ತಾ ಕೂತೇ ಇರುತ್ತಿದ್ದರು. ಕೊಟ್ರಮ್ಮ ಕೂಗಿದ ಮೇಲೇ ಏಳುತ್ತಿದ್ದರು. ಮೊಬೈಲಿಗೆ ಹೋಗುವ ಸಂದೇಶಗಳ ಗತಿಯೂ ಅದೇ. ಇಲ್ಲಿಯ ವಯಸ್ಸಾದವರ ಮಾತು ಕನ್ನಡ, ಮಕ್ಕಳ ಓದು ತೆಲುಗು, ಸಂದೇಶ ಬರುವುದು ಇಂಗ್ಲಿಷಿನಲ್ಲಿ. "ಸಕ್ಕರಿ ಕಾಯಿಲೆ ನೋವು ಕೊಡಂಗಿಲ್ಲ, ಅದಕ ಜನ ಮರೀತಾರ," ಎನ್ನುತ್ತಾರೆ ಡಾಕ್ಟರ್. "ನೋವು ಬಂದು ಇಲ್ಲಿಗೆ ಬರೂ ಹೊತ್ತಿಗೆ ನಮ್ಮ ಕೈಯಾಗ ಏನೂ ಉಳಿದಿರಂಗಿಲ್ಲ."

ಸಾಫ್ಟ್‌ವೇರ್ ನೋಡಿಕೊಳ್ಳುವ ವಾಗೀಶ್ ಆಲೂರಿನವರು. ಆದೋನಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾರೆ. ಕೊಟ್ರಮ್ಮನವರ ದನಿಯನ್ನೇ ಯಂತ್ರಕ್ಕೆ ತುಂಬೋಣ ಎಂದವರು ಅವರು. ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಕೊಟ್ಟು, ಓದಿ ಎಂದರು. ಕೊಟ್ರಮ್ಮ ಒಪ್ಪಲಿಲ್ಲ. ಒಬ್ಬರ ಮನೆಗೆ ಫೋನ್ ಮಾಡಿ, ಕ್ಷೇಮ ವಿಚಾರಿಸದೆ, ನಾಳೆ ಬಾ ಎಂದು ಹೇಳಿ ಇಡುವುದು ಸಾಲ ವಸೂಲಿಯವರ ರೀತಿ ಎಂಬುದು ಅವರ ವಾದ. ಕೊನೆಗೆ ತಮಗೆ ಬಂದಂತೆ ಹೇಳಿದರು. "ಶರಣ್ರೀ. ನಾನು ಕೊಟ್ರಮ್ಮ, ಸಕ್ಕರಿ ಡಾಕ್ಟರ ಕಡಿಂದ. ಆರಾಮಾ?" ಇಲ್ಲಿ ನಿಲ್ಲಿಸಿದರು. ಆಚೆಯವರು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಮುಂದುವರಿಸಿದರು. "ಹ್ಞೂಂ, ಆಯ್ತು ಬಿಡ್ರಿ. ನಾಳೆ ನಿಮ್ಮ ದಿನ ಐತಿ. ಬರೇ ಹೊಟ್ಟೀಲಿ ಬರ್ರಿ."

ನಡುವಿನ ಆ ಬಿಡುವನ್ನು ಕತ್ತರಿಸಿ ತೆಗೆಯಬಹುದು ಎಂದು ವಾಗೀಶ್ ಹೇಳಿದಾಗ ಕೊಟ್ರಮ್ಮ ಬೇಡವೆಂದರು. "ಆರಾಮಾ ಅಂದು, ಉತ್ತರ ಬರೂ ಮುಂಚೆ ಮುಂದಿನ ಮಾತಿಗೆ ಹಾರಿದ್ರ ಅದು ಮರ್ಯಾದಿ ಅಲ್ರಿ." ವಾಗೀಶ್ ಹಾಗೇ ಬಿಟ್ಟರು. ಡಾಕ್ಟರಿಗೂ ಚೆನ್ನಾಗಿದೆ ಅನ್ನಿಸಿತು. ಕೆಲವೇ ತಿಂಗಳಲ್ಲಿ, ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಿದ್ದ ರೋಗಿಗಳು ತಪ್ಪದೆ ಬರತೊಡಗಿದರು. ಕೊಟ್ರಮ್ಮ ನಮ್ಮನ್ನು ಮಾತಾಡಿಸುತ್ತಾಳೆ, ಹೇಳಿದ್ದನ್ನು ಕೇಳಿ ಹ್ಞೂಂ ಅನ್ನುತ್ತಾಳೆ ಎಂದು ಜನ ಹೇಳಿಕೊಂಡು ತಿರುಗಿದರು. ಅದು ಯಂತ್ರ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಬೇಕು ಎಂದು ಆಸ್ಪತ್ರೆಯವರಿಗೂ ಹೊಳೆಯಲಿಲ್ಲ. ಆಗ ಉತ್ತರಗಳನ್ನು ಉಳಿಸಿಕೊಳ್ಳುವ ಏರ್ಪಾಡೂ ಇರಲಿಲ್ಲ. ಜನ ಹೇಳಿದ್ದು ಗಾಳಿಗೆ ಹೋಗುತ್ತಿತ್ತು.

ಇಷ್ಟು ಹೇಳಿ ಕೊಟ್ರಮ್ಮ ಎದ್ದು ನೀರು ಕುಡಿದು ಬರುತ್ತಾರೆ. ಮುಂದಿನದು ಹಾಲಹರವಿಯ ಹತ್ತಿರದ ಹಳ್ಳಿಯ ಪಕೀರಮ್ಮನವರ ಕತೆ. ಅರವತ್ತು ದಾಟಿದ ಪಕೀರಮ್ಮ ಕೂಲಿ ಮಾಡಿ ಬದುಕಿದವರು. ಎರಡು ವರ್ಷದ ಹಿಂದೆ ಅವರ ಬಲಗಾಲಿಗೆ ಜಾಲಿ ಮುಳ್ಳು ಚುಚ್ಚಿ ಗಾಯವಾಗಿತ್ತು. ಸಂಜೆ ಫೋನ್ ಬಂತು. ಆರಾಮಾ ಎಂದಿತು. ಆರಾಮ ಎಲ್ಲಿಯದು, ಕಾಲಿಗೆ ಮುಳ್ಳು ಚುಚ್ಚಿ ಬೆರಳು ಕಪ್ಪಾಗಿದೆ, ಏನು ಮಾಡಲಿ ಎಂದು ಪಕೀರಮ್ಮ ಕೇಳಿದರು. ಹ್ಞೂಂ, ಆಯ್ತು ಬಿಡ್ರಿ ಎಂದು ಉತ್ತರ ಬಂತು. ಆಸ್ಪತ್ರೆಯವಳೇ ಬಿಡು ಅಂದಮೇಲೆ ಅಂಥದ್ದೇನೂ ಇರಲಿಕ್ಕಿಲ್ಲ ಎಂದುಕೊಂಡು ಅರಿಸಿನ ಹಚ್ಚಿ ಸುಮ್ಮನಾದರು. ಆ ಕಾಲಲ್ಲಿ ಬಸ್ಸು ಹತ್ತಲಾರದೆ ಮರುದಿನ ಬರಲೂ ಇಲ್ಲ. ಜ್ವರ ಏರಿದ ಮೇಲೆ ಮನೆಯವರು ಬಳ್ಳಾರಿಗೆ ಒಯ್ದರು. ಪಾದದ ಮುಂದಿನ ಅರ್ಧವನ್ನು ತೆಗೆಯಬೇಕಾಯಿತು.

ಸುದ್ದಿ ತಿಳಿದ ದಿನವೇ ಕೊಟ್ರಮ್ಮ ಬಸ್ಸು ಹಿಡಿದು ಆ ಹಳ್ಳಿಗೆ ಹೋದರು. ಸೊಸೆ ರಾಮಲಕ್ಷ್ಮಿ ನೀರು ಕೊಟ್ಟಳು. ಪಕೀರಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. "ನಿನಗ ಹೇಳಿದ್ನಲ್ಲ" ಎಂಬುದೊಂದೇ ಮಾತು. ಅದು ನಾನಲ್ಲ, ಮಿಷನ್ನು ಎಂದು ಕೊಟ್ರಮ್ಮ ಅಳುತ್ತಾ ವಿವರಿಸಿದರು. ಪಕೀರಮ್ಮ ತಿರುಗದೆಯೇ ಕೇಳಿದರಂತೆ. "ಮಿಸೀನಾದ್ರ ಆರಾಮಾ ಅಂತ ಯಾಕ ಕೇಳ್ತೈತಿ?"



ವಾಪಸು ಬಂದ ಕೊಟ್ರಮ್ಮ ತಮ್ಮ ದನಿಯನ್ನು ಯಂತ್ರದಿಂದ ಅಳಿಸಿಬಿಡಿ ಎಂದು ಹಟ ಹಿಡಿದರು. ಅಳಿಸಿದರೆ ಬರುವವರೂ ಬರದೆ ಹೋಗುತ್ತಾರೆ ಎಂಬುದು ಡಾಕ್ಟರ ಚಿಂತೆ. ಹಾಗಾದರೆ ಆರಾಮಾ ಎನ್ನುವುದನ್ನು, ಅದರ ಹಿಂದಿನ ಬಿಡುವನ್ನು ಕತ್ತರಿಸೋಣ ಎಂದರು ವಾಗೀಶ್. ಎರಡು ದಿನ ಯೋಚಿಸಿ ಕೊಟ್ರಮ್ಮ ಬೇರೆಯದನ್ನೇ ಹೇಳಿದರು. ಬಿಡುವು ಇರಲಿ, ಇನ್ನೂ ಉದ್ದ ಮಾಡಿರಿ. ಜನ ಹೇಳಿದ್ದು ಉಳಿಯುವಂತೆ ಮಾಡಿರಿ. ದಿನಾ ಬೆಳಿಗ್ಗೆ ಬಂದು ನಾನು ಕೇಳುತ್ತೇನೆ. ಹ್ಞೂಂ, ಆಯ್ತು ಬಿಡ್ರಿ ಎಂಬ ಮಾತನ್ನು ತೆಗೆಸಿ, ಅಲ್ಲಿ ಹೊಸ ಮಾತು ತುಂಬಿದರು. "ಇದು ಮಿಸೀನ್ರಿ. ನೀವು ಹೇಳಿದ್ದು ನಾನು ಮುಂಜಾನಿ ಕೇಳತೀನಿ. ಅವಸರ ಇದ್ರ ತಡ ಮಾಡಬ್ಯಾಡ್ರಿ, ಸೀದಾ ಆಸ್ಪತ್ರಿಗೆ ಬರ್ರಿ."

ಅಂದಿನಿಂದ ಈ ಜಾವದ ಕೆಲಸ. ಹಬ್ಬವಿರಲಿ, ಉರುಕುಂದದ ಜಾತ್ರೆಗೆ ಓಣಿಗೆ ಓಣಿಯೇ ಹೊರಟಿರಲಿ, ಇವರು ಬಂದು ಕೇಳಿಯೇ ಮುಂದಿನ ಕೆಲಸ. ಎದೆ ಹಿಡಿದುಕೊಂಡಿದೆ ಎಂದವರು, ಕಣ್ಣು ಮಂಜಾಗಿದೆ ಎಂದವರು ಹಲವರು ಬೆಳಕು ಹರಿಯುವ ಮುಂಚೆ ಡಾಕ್ಟರಿಗೆ ಗೊತ್ತಾಗಿ ಉಳಿದುಕೊಂಡಿದ್ದಾರೆ. ತಪ್ಪುವುದೂ ಉಂಟು. ಒಮ್ಮೆ ಒಬ್ಬ ಮುದುಕ ನರಳುತ್ತಿದ್ದಾನೆ ಎಂದು ಆಂಬುಲೆನ್ಸ್ ಕಳಿಸಿದರೆ, ಆತ ಫೋನ್ ಎದೆಯ ಮೇಲಿಟ್ಟು ಗೊರಕೆ ಹೊಡೆಯುತ್ತಾ ಮಲಗಿದ್ದ. ಡಾಕ್ಟರ್ ಈಗಲೂ ಅದನ್ನು ಹೇಳಿ ಕಾಡಿಸುತ್ತಾರೆ. "ನಗಲಿ ಬಿಡ್ರಿ," ಎನ್ನುತ್ತಾರೆ ಕೊಟ್ರಮ್ಮ. "ಬದುಕಿದ್ನಲ್ಲ, ಅಷ್ಟ ಸಾಕು."

ಪಕೀರಮ್ಮ ಮತ್ತೆ ಆಸ್ಪತ್ರೆಗೆ ಬರಲಿಲ್ಲ. ಗುಳಿಗೆಯನ್ನು ರಾಮಲಕ್ಷ್ಮಿ ಹಾಲಹರವಿಯಿಂದ ಒಯ್ಯುತ್ತಾಳೆ. ಪಟ್ಟಿಯಲ್ಲಿ ಅವರ ಹೆಸರು ಇರುವುದರಿಂದ ತಿಂಗಳಿಗೊಮ್ಮೆ ಯಂತ್ರ ಅವರಿಗೂ ಫೋನ್ ಮಾಡುತ್ತದೆ. ವಿಚಿತ್ರವೆಂದರೆ ಪಕೀರಮ್ಮ ಎತ್ತುತ್ತಾರೆ. ಆರಾಮಾ ಎಂಬುದನ್ನು ಕೇಳುತ್ತಾರೆ. ಒಂದು ಮಾತೂ ಆಡದೆ, ಬಿಡುವು ಮುಗಿಯುವವರೆಗೆ ಫೋನ್ ಹಿಡಿದುಕೊಂಡು ಇರುತ್ತಾರೆ. ಆ ಮೌನವೂ ಯಂತ್ರದಲ್ಲಿ ಉಳಿಯುತ್ತದೆ. ಕೊಟ್ರಮ್ಮ ಅದನ್ನು ಎಲ್ಲರದೂ ಮುಗಿದ ಮೇಲೆ ಕೊನೆಗೆ ಕೇಳುತ್ತಾರೆ. ನೀವೇ ಒಮ್ಮೆ ಫೋನ್ ಮಾಡಿ ಮಾತಾಡಬಾರದೇ ಎಂದು ನಾನು ಕೇಳಿದೆ. ಆಕೆ ತಲೆ ಅಲ್ಲಾಡಿಸಿದರು. "ಮಿಸೀನು ಅಂತ ಗೊತ್ತಿದ್ದಕ್ಕ ಎತ್ತತಾಳ್ರಿ ಆಕಿ. ನಾನ ಅಂತ ಗೊತ್ತಾದ್ರ, ನಾಳೆಯಿಂದ ಮಿಸೀನಿಂದೂ ಎತ್ತಂಗಿಲ್ಲೇನೋ. ಇನ್ನೊಂದು ಕಾಲು ಐತಲ್ರಿ ಆಕಿಗೆ. ಅದಕ ನನಗ ಭಯ."

ಮಾತಾಡುತ್ತಾ ಮಾತಾಡುತ್ತಾ ಅವತ್ತಿನ ಪಟ್ಟಿ ಮುಗಿಯುತ್ತಾ ಬಂದಿದೆ. ಕೊನೆಯದು ಪಕೀರಮ್ಮನವರದೇ. ಕೊಟ್ರಮ್ಮ ಒತ್ತುತ್ತಾರೆ. ಉಸಿರಾಟ ಕೇಳುತ್ತದೆ, ಮಂಚ ಕಿರುಗುಟ್ಟುತ್ತದೆ. ಮಾತಿಲ್ಲ. ಇನ್ನೇನು ಮುಗಿಯಬೇಕು ಎನ್ನುವಾಗ ಹಿಂದಿನಿಂದ, ದೂರದಲ್ಲಿ, ಸೊಸೆಯ ದನಿ. "ಅತ್ತಿ, ಎಡಗಾಲು ಸೋರಾಕತ್ತೈತಿ ನೋಡ್ರಿ, ಹಾಸಿಗಿಗೆಲ್ಲಾ ಹತ್ತೈತಿ."

ಕೊಟ್ರಮ್ಮ ಅದನ್ನು ಮತ್ತೊಮ್ಮೆ ಹಾಕಿ ಕೇಳುತ್ತಾರೆ.  ಡಾಕ್ಟರಿಗೆ ಫೋನ್ ಹಚ್ಚಿ ಹೇಳುತ್ತಾರೆ. ಡಾಕ್ಟರ ಉತ್ತರ ಚಿಕ್ಕದು: ಇವತ್ತೇ ಬರಬೇಕು, ನಾಳೆ ಅಂದರೆ ಹೇಳಲಾಗುವುದಿಲ್ಲ, ಹೇಗಾದರೂ ಒಪ್ಪಿಸು. ಸೊಸೆಯ ಹತ್ತಿರ ಬೇರೆ ಫೋನಿಲ್ಲ. ಗಾಡಿ ಕಳಿಸಿದರೂ ಪಕೀರಮ್ಮ ಹತ್ತಬೇಕಲ್ಲ.  ಕೊಟ್ರಮ್ಮ, ಯಂತ್ರದ ಕರೆ ಹೋಗುವ ಆಸ್ಪತ್ರೆಯ ಅದೇ ನಂಬರಿನಿಂದ ಪಕೀರಮ್ಮನವರಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುತ್ತಾರೆ. ಕಿವಿಗೆ ಹಿಡಿದುಕೊಳ್ಳುವ ಧೈರ್ಯ ಅವರಿಗಿಲ್ಲ.

ಆಚೆ ಎತ್ತಿದ ಸದ್ದು. "ಶರಣ್ರೀ. ನಾನು ಕೊಟ್ರಮ್ಮ, ಸಕ್ಕರಿ ಡಾಕ್ಟರ ಕಡಿಂದ. ಆರಾಮಾ?" ಯಂತ್ರ ಹೇಳುವ ಹಾಗೆಯೇ ಹೇಳಿ ನಿಲ್ಲುತ್ತಾರೆ. ಆ ಕಡೆ ಮೌನ. ಯಂತ್ರವಾಗಿದ್ದರೆ ಇಷ್ಟು ಹೊತ್ತಿಗೆ ಮುಂದಿನ ಮಾತು ಬರಬೇಕು. ಕೊಟ್ರಮ್ಮ ಮಾತಾಡುವುದಿಲ್ಲ.    ಹೊರಗೆ ಯಾರೋ ಸೈಕಲ್ ನಿಲ್ಲಿಸಿದರು. ಪಕೀರಮ್ಮ ಇಟ್ಟುಬಿಡುತ್ತಾರೆ ಎಂದು ನಾನು ಅಂದುಕೊಂಡೆ.

"ಯಾಕ ಸುಮ್ಮನಾದಿ?" ಎಂದಿತು ಫೋನು.

ಕೊಟ್ರಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿಯುತ್ತಾರೆ. "ನೀವು ಏನಾರ ಹೇಳ್ತೀರೇನೋ ಅಂತ, ಯಮ್ಮಾ."

"ಮಿಸೀನು ಅಲ್ಲೇನು?"

"ಅಲ್ರಿ. ನಾನ."

"ಫೋನ್ ಹಚ್ಚಾಕ ಎರಡು ವರ್ಷ ಬೇಕಾತೇನು ನಿನಗ?" ಎಂದರು ಪಕೀರಮ್ಮ. ಆಮೇಲೆ ಬೈಗುಳ ಶುರುವಾಯಿತು. ಕನ್ನಡದಲ್ಲಿ ಬೈದರು, ಸಾಲದೆ ತೆಲುಗಿನಲ್ಲಿ ಬೈದರು. ಕಾಲು ಹೋದದ್ದು, ಹೊಲಕ್ಕೆ ಹೋಗಲಾಗದ್ದು, ಮೊಮ್ಮಗಳ ಮದುವೆಯಲ್ಲಿ ಮೂಲೆಯಲ್ಲಿ ಕೂತದ್ದು, ಎಲ್ಲ ಬಂತು. ಕೊಟ್ರಮ್ಮ ನಡುವೆ ಬಾಯಿ ಹಾಕಲಿಲ್ಲ, ಕಣ್ಣೊರೆಸಿಕೊಳ್ಳುತ್ತಾ ಕೇಳಿದರು. ನಾನು ಬರೆಯುವುದನ್ನು ಬಿಟ್ಟು ಕೂತಿದ್ದೆ.

ಬೈಗುಳ ತಗ್ಗಿದ ಮೇಲೆ ಕೊಟ್ರಮ್ಮ ಕೇಳಿದರು. "ಎಡಗಾಲು ಸೋರಾಕತ್ತೈತಂತಲ್ರಿ?"

"ನಿನಗ ಯಾರು ಹೇಳಿದ್ರು?"

"ನಿನ್ನಿ ಸಂಜೀಕ ನಿಮ್ಮ ಸೊಸಿ ಅಂದಾಳಲ್ರಿ, ಫೋನಿನ್ಯಾಗ ಕೇಳಿಸ್ತು. ಇವತ್ತ ಬರ್ರಿ ಯಮ್ಮಾ. ನಾನು ಬಸ್‌ಸ್ಟ್ಯಾಂಡಿಗೆ ಬರ್ತೀನಿ."

"ನೋಡ್ತೀನಿ," ಎಂದು ಪಕೀರಮ್ಮ ಇಟ್ಟರು.

ಹತ್ತು ಗಂಟೆಗೆ ಆಸ್ಪತ್ರೆ ತುಂಬಿದೆ. ಪರದೆಯ ಮೇಲೆ ನಂಬರುಗಳು ಸರಿಯುತ್ತಿವೆ, ಲ್ಯಾಬಿನಿಂದ ವರದಿಗಳು ಡಾಕ್ಟರ ಮೇಜಿಗೆ ಹೋಗುತ್ತಿವೆ. ಮುಗಿಯುತ್ತಾ ಬಂದ ಇನ್ಸುಲಿನ್ ತರಿಸಿರಿ ಎಂದು ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ನೆನಪಿಸುತ್ತಿದೆ. ಕೊಟ್ರಮ್ಮ ಮಾತ್ರ ಇಲ್ಲ. ಹಾಲಹರವಿಯ ಕಡೆಯ ಒಂದು ಬಸ್ಸು ಬಂದು ಹೋಯಿತು. ಅದರಲ್ಲಿ ಪಕೀರಮ್ಮ ಇರಲಿಲ್ಲ ಎಂದು ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿ ಹೇಳಿದರು. ಆ ದನಿಯಲ್ಲಿ ಮೊದಲ ಬಾರಿ ಗಟ್ಟಿತನ ಇರಲಿಲ್ಲ.

ಎರಡನೆಯ ಬಸ್ಸಿಗೆ ಪಕೀರಮ್ಮ ಬಂದರು. ಆಟೋದಿಂದ ಒಂದು ಕಡೆ ರಾಮಲಕ್ಷ್ಮಿ, ಇನ್ನೊಂದು ಕಡೆ ಕೊಟ್ರಮ್ಮ ಹಿಡಿದು ಇಳಿಸಿದರು. ಎಡಗಾಲಿನ ಹೆಬ್ಬೆರಳ ಪಕ್ಕ ಗುಳ್ಳೆ ಒಡೆದು ಕೀವಾಗಿತ್ತು. ಡಾಕ್ಟರ್ ಗಾಯ ತೊಳೆದು, ಕಟ್ಟು ಹಾಕಿ, ಮೂಳೆಗೆ ಇಳಿದಿಲ್ಲ, ಕಾಲು ಉಳಿಯುತ್ತದೆ ಎಂದರು. ಅದು ಕೇಳಿ ಮೊದಲು ಅತ್ತದ್ದು ಸೊಸೆ. ಪಕೀರಮ್ಮ ಅವಳನ್ನು ಗದರಿಸಿ ಸುಮ್ಮನಾಗಿಸಿದರು. ಕೊಟ್ರಮ್ಮನವರ ಜತೆ ಹೆಚ್ಚು ಮಾತಾಡಲಿಲ್ಲ. ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ನಾನು ಕೇಳಿದ್ದಕ್ಕೆ, "ಹಾಕ್ರಿ, ಕಾಲು ಹೋದದ್ದೂ ಹಾಕ್ರಿ," ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಕೊಟ್ರಮ್ಮನವರಿಗೆ ಹೇಳಿದರು. "ಬರೂ ತಿಂಗಳು ಆ ಮಿಸೀನು ನನಗ ಹಚ್ಚಬ್ಯಾಡ. ನೀನ ಹಚ್ಚು."

ಆಟೋ ಹೋದ ಮೇಲೆ ಕೊಟ್ರಮ್ಮ ತೂಕದ ಯಂತ್ರದ ಹತ್ತಿರ ತಮ್ಮ ಜಾಗಕ್ಕೆ ಬಂದು ನಿಂತರು. ಒಬ್ಬರಿಗೆ ನೀವೇ ಫೋನ್ ಮಾಡಿದರೆ ಇನ್ನೂರು ಮಂದಿಯೂ ಕೇಳುತ್ತಾರೆ, ಏನು ಮಾಡುತ್ತೀರಿ ಎಂದೆ.

"ಆಕಿಗೆ ಮಾಡ್ತೀನ್ರಿ," ಎಂದರು. ಆಮೇಲೆ ಸುತ್ತ ನೋಡಿ, ಬೇಕೆಂದೇ ದನಿ ತಗ್ಗಿಸಿದರು. "ಉಳಿದೋರಿಗೆ ಗೊತ್ತಾಗೋದು ಬ್ಯಾಡ. ಇದೊಂದು ಪೇಪರಿನ್ಯಾಗ ಬರೀಬ್ಯಾಡ್ರಿ."